ಕೃಷ್ಣೆಯ ಕೆಂಪು ಶೇವಾಳ, ಹನ್ನೊಂದು ಪಾಕೀಟು

ಕೆಲಸಕ್ಕೆ ಸೇರಿದ ಮೂರನೆಯ ದಿನವೇ ನಾನು ಚೌಗುಲೆ ಸರ್ ಅವರ ಒಂದು ತಿಂಗಳ ಶ್ರಮವನ್ನು ಗಟಾರಕ್ಕೆ ಚೆಲ್ಲಿದೆ.

ಚಿಕ್ಕೋಡಿಯ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗಕ್ಕೆ ನಾನು ಪ್ರಯೋಗಾಲಯ ಸಹಾಯಕಿಯಾಗಿ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ತಟ್ಟೆ ಇತ್ತು. ಅದರಲ್ಲಿ ಒಂದಿಷ್ಟು ನೀರು, ನೀರಿನಲ್ಲಿ ಹಸಿರಿಗೂ ನೀಲಿಗೂ ನಡುವಿನ ಬಣ್ಣದ, ಕೂದಲಿನಂಥ ಏನೋ ಒಂದು. ನಮ್ಮ ಕಡೆ ನೀರಿನ ಪಾಚಿಗೆ ಶೇವಾಳ ಎನ್ನುತ್ತಾರೆ. ಯಾರೋ ತಟ್ಟೆ ತೊಳೆಯದೆ ಬಿಟ್ಟಿದ್ದಾರೆ, ಶೇವಾಳ ಕಟ್ಟಿದೆ ಎಂದುಕೊಂಡು ಚೆನ್ನಾಗಿ ಉಜ್ಜಿ ತೊಳೆದು ಬೋರಲು ಹಾಕಿದೆ. ಕ್ಲಾಸು ಮುಗಿಸಿ ಬಂದ ಸರ್ ಕಿಟಕಿಯ ಮುಂದೆ ನಿಂತರು.

"ಇದರಾಗಿದ್ದದ್ದು ಎಲ್ಲಿ ಹೋತ್ರಿ?"

"ಶೇವಾಳ ಕಟ್ಟಿತ್ರಿ ಸರ್. ತೊಳದೇನ್ರಿ."

ಅವರು ಸ್ಟೂಲಿನ ಮೇಲೆ ಕುಳಿತರು. ಬಹಳ ಹೊತ್ತು ಆ ಖಾಲಿ ತಟ್ಟೆಯನ್ನೇ ತಿರುಗಿಸಿ ನೋಡಿದರು. ಕೊನೆಗೆ, "ಚಲೋ ತೊಳದೀರಿ," ಎಂದರು. ನನಗೆ ಅದು ಹೊಗಳಿಕೆ ಎಂದೇ ಅನಿಸಿತ್ತು. "ಐತವಾರ ಬಿಡುವೈತೇನ್ರಿ? ಏನ ತೊಳದೀರಿ ಅಂತ ತೋರಸ್ತೇನಿ ಬರ್ರಿ."

ಈಗ ಪ್ರಯೋಗಾಲಯಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕೆಲವರು ನನ್ನನ್ನು ಕಂಡಾಗ, "ಅಕ್ಕಾ, ಆವಾಗ ಏನು ಕೆಲಸ ಇರ್ತಿತ್ರಿ ನಿಮಗ, ಬಾಟ್ಲಿ ತೊಳಿಯೂದು ಬಿಟ್ಟು?" ಎಂದು ಕೇಳುತ್ತಾರೆ. ತಪ್ಪಿಲ್ಲ, ಬಾಟಲಿ ತೊಳೆಯುವುದೇ ಹೆಚ್ಚು ಇತ್ತು. ಉಳಿದದ್ದು ಏನಿತ್ತು ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಖಾಯಂ ಆದದ್ದು, ಬಡ್ತಿ ಸಿಕ್ಕಿದ್ದು ಎಲ್ಲರಿಗೂ ಇರುವಂಥದ್ದೇ. ಅದನ್ನು ಬಿಡುತ್ತೇನೆ.

ನಾನು ಸುಮನ ಕಾಂಬಳೆ. ರಾಯಬಾಗ ತಾಲೂಕಿನ ಒಂದು ಹಳ್ಳಿಯವಳು. ನಮ್ಮದು ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡಿದ ಮನೆತನ, ಬೌದ್ಧರು. ಅವ್ವ ಕಳೆ ತೆಗೆದು, ಕಬ್ಬು ಕಡಿದು ನನ್ನನ್ನು ಬಿ.ಎಸ್ಸಿ.ವರೆಗೆ ಓದಿಸಿದಳು. ಗಂಡ ಬಸ್ ಕಂಡಕ್ಟರ್. ಆ ಮೊದಲ ವರ್ಷಗಳಲ್ಲಿ ನನ್ನ ನೌಕರಿ ಇನ್ನೂ ತಾತ್ಕಾಲಿಕ. ಇದನ್ನು ಇಲ್ಲಿಯೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ದೊಡ್ಡ ತಪ್ಪಿಗೆ ಆ ಹೆದರಿಕೆಯೇ ಮೂಲ.

ಚೌಗುಲೆ ಸರ್ ಶೇಡಬಾಳದ ಜೈನ ಕುಟುಂಬದವರು. ಊರಲ್ಲಿ ಕಬ್ಬು, ದ್ರಾಕ್ಷಿ ಇತ್ತು. ತಮ್ಮಂದಿರು ನೋಡಿಕೊಳ್ಳುತ್ತಿದ್ದರು. ಇವರು ಚಿಕ್ಕೋಡಿಯಲ್ಲಿ ಬಾಡಿಗೆ ಮನೆ ಹಿಡಿದು ಪಾಚಿಯ ಹಿಂದೆ ಬಿದ್ದಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು ಎಂಬ ನಿಯಮ ಅವರದು. ಹಾಗಾಗಿ ನಾವು ಯಾವ ಹೊಳೆಗೆ ಹೋದರೂ ಸಂಜೆಯ ಬಿಸಿಲು ಹಳದಿಯಾಗುವ ಹೊತ್ತಿಗೆ ಕೆಲಸ ನಿಲ್ಲುತ್ತಿತ್ತು. ದಂಡೆಯ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು.

ಆ ಮೊದಲ ಐತವಾರ ನಾವು ಹೋದದ್ದು ಅಕ್ಕೋಳಕ್ಕೆ. ವೇದಗಂಗೆಗೆ ಅಡ್ಡಲಾಗಿ ಕಟ್ಟಿದ ಬಂಧಾರದ ಕೆಳಗೆ, ನೀರು ಜೋರಾಗಿ ಹರಿಯುವಲ್ಲಿ ಸರ್ ಪ್ಯಾಂಟು ಮಡಚಿ ಇಳಿದರು. ಒಂದು ಕಲ್ಲು ಎತ್ತಿ ತಂದರು. ಅದರ ಮೇಲೆ ನಾನು ತೊಳೆದು ಚೆಲ್ಲಿದ್ದಂಥದೇ ನೀಲಿ ಹಸಿರು ಜುಟ್ಟು.

"ಇದರ ಬಣ್ಣ ಏನ್ರಿ?"

"ಹಸರ್ರಿ."

"ಇದು ಕೆಂಪು ಶೇವಾಳ," ಎಂದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು.

ಕೆಂಪು ಶೇವಾಳಗಳ ಬಳಗ ಹೆಚ್ಚುಕಡಿಮೆ ಎಲ್ಲವೂ ಸಮುದ್ರದಲ್ಲಿರುವಂಥದ್ದು. ಕೆಲವೇ ಕೆಲವು ಜಾತಿಗಳು ಸಿಹಿನೀರಿನಲ್ಲಿ ಬದುಕುತ್ತವೆ. ಅವುಗಳಲ್ಲಿ ಒಂದು ಈ ಕಾಂಪ್ಸೊಪೊಗಾನ್. ಸಮುದ್ರದಿಂದ ಇಷ್ಟು ದೂರದ ನಮ್ಮ ಗಡಿನಾಡಿನ ಹೊಳೆಯಲ್ಲಿ ಅದು ಕಲ್ಲಿಗೆ, ಬಸವನಹುಳದ ಚಿಪ್ಪಿಗೆ, ನೀರಿನಲ್ಲಿ ಬಿದ್ದ ಟೊಂಗೆಗೆ ಅಂಟಿಕೊಂಡು ಬೆಳೆಯುತ್ತಿತ್ತು. ಒಳಗೆ ಕೆಂಪು ಬಣ್ಣದ ದ್ರವ್ಯವಿದೆ, ಜೊತೆಗೆ ನೀಲಿಯೂ ಹಸಿರೂ ಇರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ ಎಂದು ಸರ್ ಹೇಳಿದರು. ಮರುದಿನ ಅದನ್ನು ಕಾಗದದ ಮೇಲೆ ಹರಡಿ, ಮೇಲೆ ಹಳೆಯ ಧೋತರದ ತುಂಡು ಹಾಸಿ, ಸುದ್ದಿಪತ್ರಿಕೆಗಳ ನಡುವೆ ಒತ್ತಿಟ್ಟೆವು. ನಾಲ್ಕು ದಿನ ಪತ್ರಿಕೆ ಬದಲಾಯಿಸಿದೆ. ಐದನೆಯ ದಿನ ಧೋತರ ಎತ್ತಿದರೆ ಹಸಿರು ಹೋಗಿ ಬೂದುಬಣ್ಣದೊಳಗೆ ತೆಳುವಾದ ನೇರಳೆ ಮೂಡಿತ್ತು. ನಾನು ನೋಡುತ್ತಲೇ ನಿಂತೆ. ಸರ್ ಕಾಗದವನ್ನು ನನ್ನ ಕೈಗೆ ಕೊಟ್ಟು, "ಹೆಸರು ಬರೀರಿ," ಎಂದರು. ನಾನು ಬರೆದ ಮೊದಲ ಚೀಟಿ ಅದು.

ಅಂದು ಅಕ್ಕೋಳದ ದಂಡೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸರ್ ಬುತ್ತಿ ಬಿಚ್ಚಿದಾಗ ನಾನು ದೂರ ಹೋಗಿ ಕುಳಿತೆ. ಕೂಲಿ ಮಾಡಿ ಬೆಳೆದವರಿಗೆ ಎಲ್ಲಿ ಕೂಡಬೇಕು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ಡಬ್ಬಿಯನ್ನು ಎತ್ತಿಕೊಂಡು ನಾನಿದ್ದ ಕಲ್ಲಿಗೇ ಬಂದು ಕುಳಿತು, ರೊಟ್ಟಿ ಮುರಿದು ಅರ್ಧವನ್ನು ಶೇಂಗಾ ಚಟ್ನಿಯ ಜೊತೆ ನನ್ನ ಕೈಗಿಟ್ಟರು. ಆಮೇಲೆ ಹೊಳೆಯ ನೀರು ಎಷ್ಟು ಇಳಿದಿದೆ ಎಂಬ ಮಾತು ಶುರುಮಾಡಿದರು. ಆ ಕಾಲಕ್ಕೆ ನಮ್ಮ ಕಡೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಹೀಗೆ ಐದಾರು ವರ್ಷ ಪ್ರತಿ ಚಳಿಗಾಲ ನಾವು ತಿರುಗಿದೆವು. ಮಳೆಗಾಲದ ಕೆಂಪು ನೀರಿನಲ್ಲಿ ಅದು ಕಾಣುವುದಿಲ್ಲ. ಪ್ರವಾಹ ಇಳಿದು ನೀರು ತಿಳಿಯಾದ ಮೇಲೆ ಕಲ್ಲಿನ ಮೇಲೆ ಮತ್ತೆ ಚಿಗುರುತ್ತದೆ. ದೂಧಗಂಗೆ, ವೇದಗಂಗೆ, ಕೃಷ್ಣೆ. ನಿಪ್ಪಾಣಿ ಕಡೆಯ ಹಳ್ಳಿಗಳಲ್ಲಿ "ಕಾಯ್ ಶೋಧತಾಯ್, ತಾಈ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದರು, ಏನು ಹುಡುಕುತ್ತಿದ್ದೀರಿ ಎಂದು. ಕಾಗವಾಡದ ಕಡೆ ಅದೇ ಪ್ರಶ್ನೆ ಕನ್ನಡದಲ್ಲಿ. ಒಂದು ಸಲ ಯಡೂರಿನಲ್ಲಿ, ವೀರಭದ್ರನ ದರ್ಶನಕ್ಕೆ ಬಂದು ಹೊಳೆಯಲ್ಲಿ ಮೈ ತೊಳೆಯುತ್ತಿದ್ದ ಮುದುಕಿಯೊಬ್ಬಳು ನಮ್ಮ ಬಾಟಲಿಯನ್ನು ನೋಡಿ ಕೇಳಿದಳು:

"ಯಾವುದಕ್ಕ ಔಷಧಾರಿ ಇದು?"

"ಯಾವುದಕ್ಕೂ ಅಲ್ಲವ್ವ," ಎಂದರು ಸರ್.

"ಮತ್ಯಾಕ ಹುಡುಕ್ತೀರಿ?"

"ಇಲ್ಲಿ ಐತಿ ಅಂತ ಗೊತ್ತಾಗ್ಲಿ ಅಂತ."

ಮುದುಕಿ, "ಚಲೋ ಆತು. ಯಾರರ ಕೇಳವರು ಬೇಕಲ್ಲ," ಎಂದಳು. ಸರ್ ಈ ಮಾತನ್ನು ಎಷ್ಟು ಸಲ ಹೇಳಿಕೊಂಡು ನಕ್ಕರೋ ಲೆಕ್ಕವಿಲ್ಲ.

ಸರ್‌ಗೆ ಒಂದೇ ಪ್ರಶ್ನೆ ಕಾಡುತ್ತಿತ್ತು. ಉಳಿದ ಎಷ್ಟೋ ಪಾಚಿಗಳ ಬೀಜಾಣುಗಳಿಗೆ ಈಜಲು ಸಣ್ಣ ಬಾಲಗಳಿರುತ್ತವೆ. ಕೆಂಪು ಶೇವಾಳದ ಬೀಜಾಣುಗಳಿಗೆ ಬಾಲವಿಲ್ಲ. ನೀರು ಒಯ್ದಲ್ಲಿ ಹೋಗಿ ಅಂಟಿಕೊಳ್ಳಬೇಕು. ಅಂದರೆ ಹೊಳೆ ಹರಿಯುವ ದಿಕ್ಕಿಗೆ ಹರಡಬೇಕು, ಅಷ್ಟೇ. ಹಾಗಾದರೆ ಅದು ಎಲ್ಲೆಲ್ಲಿದೆ, ಎಲ್ಲೆಲ್ಲಿ ಇಲ್ಲ? ನಮ್ಮ ಭಾಗದ ಒಂದು ನಕ್ಷೆ ಮಾಡಬೇಕು ಎಂಬುದು ಅವರ ಆಸೆ. ಅಂಥ ನಕ್ಷೆ ಯಾರೂ ಮಾಡಿರಲಿಲ್ಲ. ಅವರ ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ.

ಇನ್ನು ನನ್ನ ತಪ್ಪಿನ ಮಾತು.

ನಮ್ಮ ಪ್ರಯೋಗಾಲಯಕ್ಕೆ ಹಂಚಿನ ಮಾಡು. ಒಂದು ಮಳೆಗಾಲ, ಸರ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಹೋಗಿದ್ದ ಹತ್ತು ದಿನಗಳಲ್ಲಿ, ಕಪಾಟಿನ ಮೇಲಿನ ಹಂಚೊಂದು ಒಡೆದು ನೀರು ಸೋರಿತು. ಎರಡು ದಿನ ರಜೆ ಇತ್ತು. ಮೂರನೆಯ ದಿನ ನಾನು ಬಾಗಿಲು ತೆಗೆದಾಗ ಮೇಲಿನ ಎರಡು ಖಾನೆಗಳ ಪಾಕೀಟುಗಳು ತೊಯ್ದು ಉಬ್ಬಿದ್ದವು. ಒಣಗಿಸಿದ ಶೇವಾಳದ ಒಂದೊಂದು ಮಾದರಿಯನ್ನು ಒಂದೊಂದು ಕಾಗದದ ಪಾಕೀಟಿನಲ್ಲಿಟ್ಟು, ಎಲ್ಲಿ ಯಾವಾಗ ಸಿಕ್ಕಿತು ಎಂದು ಮೇಲೆ ಬರೆದಿಡುವುದು ನಮ್ಮ ಪದ್ಧತಿ. ಬರೆದದ್ದು ಶಾಯಿ ಪೆನ್ನಿನಿಂದ. ಶಾಯಿ ಎಲ್ಲ ಕರಗಿ ನೀಲಿ ಕಲೆಯಾಗಿತ್ತು.

ಇಡೀ ದಿನ ಒಬ್ಬಳೇ ಕುಳಿತು ಮಾದರಿಗಳನ್ನು ಮತ್ತೆ ಒಣಗಿಸಿದೆ. ಹೊಸ ಪಾಕೀಟು ಮಾಡಿದೆ. ಬಹಳಷ್ಟು ಚೀಟಿಗಳಲ್ಲಿ ಅಕ್ಷರಗಳ ಕುರುಹು ಇತ್ತು. ಬೆಳಕಿಗೆ ಹಿಡಿದು ಓದಿ ಬರೆದೆ. ಹನ್ನೊಂದರಲ್ಲಿ ಏನೂ ಇರಲಿಲ್ಲ. ಅವುಗಳನ್ನು ಮುಂದಿಟ್ಟುಕೊಂಡು ಕುಳಿತೆ. ಇದು ದೂಧಗಂಗೆಯದು ಇರಬೇಕು, ಇದರ ಬುಡಕ್ಕೆ ಕಪ್ಪು ಮಣ್ಣು ಇದೆ. ಇದು ನಾನೇ ಊರಿಗೆ ಹೋದಾಗ ತಂದದ್ದು. ಇದು ಅಥಣಿಯ ಕಡೆಯದೇ? ಹೌದು, ಅಥಣಿ. ಹೀಗೆ ಅಂದಾಜಿನಿಂದ ಹನ್ನೊಂದಕ್ಕೂ ಊರ ಹೆಸರು ಬರೆದೆ. ದುಂಡಗೆ, ಚೆಂದವಾಗಿ ಬರೆದೆ. ಸರ್ ಬಂದ ಮೇಲೆ ಹಂಚು ಒಡೆದದ್ದು ಹೇಳಿದೆ, ಪಾಕೀಟು ಬದಲಿಸಿದ್ದು ಹೇಳಿದೆ. ಹನ್ನೊಂದರ ಮಾತು ಹೇಳಲಿಲ್ಲ. ನನ್ನನ್ನು ಖಾಯಂ ಮಾಡುವ ಕಾಗದ ಆಗ ಪ್ರಾಚಾರ್ಯರ ಮೇಜಿನ ಮೇಲಿತ್ತು.

ಮುಂದಿನ ವರ್ಷ ಸರ್ ನಕ್ಷೆ ಮಾಡಿದರು. ತಾಲೂಕುಗಳ ನಕ್ಷೆಯ ಮೇಲೆ ತೆಳುಗಾಗದ ಇಟ್ಟು ಹೊಳೆಗಳನ್ನು ಎಳೆದು, ಶೇವಾಳ ಸಿಕ್ಕಲ್ಲೆಲ್ಲ ಕೆಂಪು ಚುಕ್ಕೆ ಇಟ್ಟರು. ಪಾಕೀಟುಗಳನ್ನು ಒಂದೊಂದಾಗಿ ಓದುತ್ತಿದ್ದವಳು ನಾನೇ. ಆ ಹನ್ನೊಂದು ಬಂದಾಗಲೂ ಓದಿದೆ. ಅವರು ಚುಕ್ಕೆ ಇಡುತ್ತ ಹೋದರು. ನಕ್ಷೆಯ ಜೊತೆಗೆ ಲೇಖನ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ಅದು ಒಪ್ಪಿಗೆಯಾಯಿತು.

ಅಚ್ಚಾಗುವ ಮೊದಲು, ಕರಾವಳಿಯಲ್ಲಿ ಸಮುದ್ರದ ಪಾಚಿಗಳ ಮೇಲೆ ಕೆಲಸ ಮಾಡುತ್ತಿದ್ದ ಮೇಡಂ ಒಬ್ಬರು ನಮ್ಮ ಸಂಗ್ರಹ ನೋಡಲು ಬಂದರು. ಗಟ್ಟಿ ದನಿಯ, ಚುರುಕು ಕಣ್ಣಿನ ಹೆಂಗಸು. ನಕ್ಷೆಯನ್ನು ನೋಡುತ್ತ ನೋಡುತ್ತ ರಾಯಬಾಗದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಹೊಳೆಯೇ ಇಲ್ಲವಲ್ಲ, ಸರ್?"

"ಹೊಲದ ಬಾವಿ. ಬಾವಿ ನೀರಿನ ಕಾಲುವ್ಯಾಗ ಸಿಕ್ಕದ್ದು."

"ಹೊಳೆಯ ಪಾಚಿ ಬಾವಿಗೆ ಹೇಗೆ ಬರುತ್ತದೆ? ಈಜುವುದಿಲ್ಲ, ಹಾರುವುದಿಲ್ಲ. ಚೀಟಿ ಅದಲುಬದಲಾಗಿರಬೇಕು."

ಸರ್ ನಕ್ಕರು. "ಅದು ನಮ್ಮ ಸುಮನಬಾಯಿ ಬರದ ಚೀಟಿ ಐತ್ರಿ. ತಪ್ಪಾಗಾಕ ಸಾಧ್ಯ ಇಲ್ಲ."

ನಾನು ಅಲ್ಲೇ ನಿಂತು ಸ್ಲೈಡು ಒರೆಸುತ್ತಿದ್ದೆ. ಸರ್ ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಮುಂಜಾನೆ, ಸರ್ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅವರ ಮೇಜಿನ ಮುಂದೆ ನಿಂತಿದ್ದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು.

"ಎಷ್ಟು?"

"ಹನ್ನೊಂದ್ರಿ ಸರ್."

"ಉಳದುವು?"

"ಅಕ್ಷರ ಕಾಣಸ್ತಿದ್ದುವ್ರಿ. ಓದೇ ಬರದೇನ್ರಿ."

"ಹನ್ನೊಂದು ಬ್ಯಾರೆ ತಗದಿಡ್ರಿ."

ಅಷ್ಟೇ. ಕ್ಲಾಸಿಗೆ ಹೋದರು. ಮಧ್ಯಾಹ್ನ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದು, ಅಂಚೆಗೆ ಹಾಕುವ ಮೊದಲು ಓದಲು ನನ್ನ ಕೈಗೆ ಕೊಟ್ಟರು. ಕೆಲವು ಮಾದರಿಗಳ ಸ್ಥಳವನ್ನು ನಾನು ಸರಿಯಾಗಿ ಪರೀಕ್ಷಿಸಿಲ್ಲ, ಆದ್ದರಿಂದ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

"ಸರ್, ತಪ್ಪು ನಂದ್ರಿ."

"ಚೀಟಿ ಬರದವರು ನೀವು. ನಕ್ಷಾ ಮಾಡಿದವ ನಾನು. ನಕ್ಷಾದ ತಪ್ಪು ನಂದು."

ಅವರಿಗೆ ಸಿಟ್ಟು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಂಟು ದಿನ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಒಂಬತ್ತನೆಯ ದಿನ ನಾನೇ ಅಳು ತಡೆಯಲಾರದೆ, "ಪ್ರಾಚಾರ್ಯರಿಗೆ ಹೇಳಿಬಿಡ್ರಿ ಸರ್, ನೌಕರಿ ಹೋದ್ರೂ ಹೋಗ್ಲಿ," ಎಂದೆ. ಆಗ ಬಾಯಿ ಬಿಟ್ಟರು.

"ನೀರು ಸೋರಿದ್ದಕ್ಕ ಸಿಟ್ಟಿಲ್ಲ. ಅಂದಾಜಿಲೆ ಬರದದ್ದಕ್ಕೂ ಅಷ್ಟ ಸಿಟ್ಟಿಲ್ಲ. ಅದನ್ನ ಅಷ್ಟು ಚಂದ ಅಕ್ಷರದಾಗ ಯಾಕ ಬರದ್ರಿ? ಅನುಮಾನ ಇದ್ದಲ್ಲೆ ಅನುಮಾನ ಕಾಣಬೇಕ್ರಿ. ಒಂದು ಪ್ರಶ್ನಾ ಚಿಹ್ನಿ ಹಾಕಿದ್ರ ಸಾಕಾಗಿತ್ತು."

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದು ಒಂದೇ ಇದ್ದರೆ ಅದು ಇದೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಲು ಯಾವ ಯಂತ್ರವೂ ಬೇಕಿಲ್ಲ.

ಅಂದಿನಿಂದ ನಮ್ಮಲ್ಲಿ ಶಾಯಿ ನಿಂತಿತು. ಸೀಸದ ಕಡ್ಡಿಯ ಅಕ್ಷರ ನೀರಿಗೆ ಕರಗುವುದಿಲ್ಲ. ಒಂದು ಚೀಟಿ ಪಾಕೀಟಿನ ಹೊರಗೆ, ಒಂದು ಒಳಗೆ, ಮೂರನೆಯದು ನೋಟುಬುಕ್ಕಿನಲ್ಲಿ. ಮುಂದೆ ಕಂಪ್ಯೂಟರ್ ಬಂದ ಮೇಲೂ ಒಳಗಿನ ಚೀಟಿಯನ್ನು ನಾನು ಬಿಡಲಿಲ್ಲ.

"ಈಗೇನ ಮಾಡೂದ್ರಿ ಸರ್?" ಎಂದು ಕೇಳಿದೆ.

"ಏನ ಮಾಡೂದೈತಿ? ಮತ್ತ ಅಡ್ಡಾಡೂದು."

ಆ ಚಳಿಗಾಲ ಹನ್ನೊಂದು ಜಾಗಗಳಿಗೂ ಮತ್ತೆ ಹೋದೆವು. ಶನಿವಾರ ಮಧ್ಯಾಹ್ನ, ಐತವಾರ ಇಡೀ ದಿನ. ನನ್ನ ಗಂಡ ಬಸ್ಸುಗಳ ವೇಳೆ ಬರೆದುಕೊಡುತ್ತಿದ್ದ. ಬಸ್ಸು ಹೋಗದ ಕಡೆ ಬಾಡಿಗೆ ಸೈಕಲ್. ಹೊಳೆಯ ಮೇಲಿನ ಜಾಗಗಳಲ್ಲೆಲ್ಲ ನನ್ನ ಅಂದಾಜಿನಂತೆಯೇ ಶೇವಾಳ ಸಿಕ್ಕಿತು. ಸಿಕ್ಕಾಗಲೆಲ್ಲ ನನಗೆ ಉಸಿರು ಬಂದಂತಾಗುತ್ತಿತ್ತು. ಅಥಣಿಯಲ್ಲಿ ಮಾತ್ರ ಸೋತೆವು. ಅಗ್ರಾಣಿ ಹಳ್ಳದ ಗುಂಡಿಗಳಲ್ಲಿ, ಕೆರೆಗಳ ತೂಬಿನಲ್ಲಿ ನಾಲ್ಕು ಸಲ ಹುಡುಕಿದರೂ ಒಂದು ಎಳೆ ಕಾಣಲಿಲ್ಲ. ನಾನು ನೋಟುಬುಕ್ಕಿನಲ್ಲಿ 'ಅಥಣಿಯಲ್ಲಿ ಇಲ್ಲ' ಎಂದು ಬರೆದೆ. ಸರ್ ಅದನ್ನು ಹೊಡೆದು ಹಾಕಿಸಿದರು.

"'ಸಿಗಲಿಲ್ಲ' ಅಂತ ಬರೀರಿ. 'ಇಲ್ಲ' ಅನ್ನಾಕ ನಾವ್ಯಾರು?"

ಕೊನೆಗೆ ಉಳಿದದ್ದು ರಾಯಬಾಗದ ಬಾವಿ. ಅದು ನನ್ನ ತವರಿನ ಹೊಲಗಳ ನಡುವಿನದು. ರಜೆಗೆ ಹೋದಾಗ, ಪಂಪಿನ ನೀರು ಬೀಳುವ ಕಾಲುವೆಯಲ್ಲಿ ತೇಲಿ ಬಂದಿದ್ದ ಎಳೆಗಳನ್ನು ಒಬ್ಬಳೇ ತಂದಿದ್ದೆ. ಅಥವಾ ಹಾಗೆಂದು ನೆನಪು. ಅಥಣಿ ಸುಳ್ಳಾದ ಮೇಲೆ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಬಾವಿಯ ಒಡೆಯ ಭೀಮಪ್ಪ, ಕಬ್ಬಿನ ರೈತ. ಅವರ ಹೊಲದಲ್ಲಿಯೇ ಅವ್ವ ಬಹಳ ವರ್ಷ ಕಳೆ ತೆಗೆದಿದ್ದಳು. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು.

"ನಮ್ಮ ಗಂಗವ್ವನ ಮಗಳಲ್ಲೇನ?"

"ಹೌದ್ರಿ."

"ದೊಡ್ಡಾಕಿ ಆಗಿಬಿಟ್ಟಿ. ಕುಂದ್ರಬೇ," ಎಂದು ತಮ್ಮ ಹೊರಸಿನ ಮೇಲೆಯೇ, ಹಗ್ಗದ ಮಂಚದ ಮೇಲೆಯೇ, ಜಾಗ ತೋರಿಸಿದರು. ಆಮೇಲೆ ಸರ್ ಕಡೆ ನೋಡಿ, "ಬರ್ರಿ, ಬರ್ರಿ ಸರ," ಎಂದರು.

ಕಾಲುವೆ ನೋಡಿದೆವು. ಭೀಮಪ್ಪ ಆಗತಾನೆ ಸಲಿಕೆ ಹಾಕಿ ಬಳಿದಿದ್ದರು. ಒಂದು ಎಳೆಯೂ ಇಲ್ಲ. ಪಂಪಿನ ನೀರು ಬೀಳುವ, ತೊಟ್ಟಿಯಂಥ ಹೌದಿಗೆ ಇಳಿದು ಗೋಡೆಯನ್ನೆಲ್ಲ ಕೈಯಿಂದ ಸವರಿದೆ. ಬರೀ ಸಾದಾ ಪಾಚಿ. ಮೇಲೆ ಹತ್ತಿ ಬಂದಾಗ ನನ್ನ ಮುಖ ನೋಡಿ ಭೀಮಪ್ಪ ಕೇಳಿದರು.

"ಏನ ಕಳಕೊಂಡಿ ತಂಗಿ?"

ನಾನು ವಿವರಿಸಿದೆ. ಕೂದಲಿನಂಥದ್ದು, ನೀಲಿ ಹಸಿರು, ಹಿಡಿದರೆ ಬಿರುಸು.

"ಆ ನಾರೇನ? ಅದ ಇಲ್ಲೆಲ್ಲಿ ಹುಡುಕ್ತಿ? ಅದು ಕೆಳಗ ಬೆಳಿತೈತಿ, ಫುಟ್‌ವಾಲ್ವಿಗೆ. ಜಾಳಗಿ ಎಲ್ಲಾ ಕಟ್ಟಿಸಿಬಿಡ್ತೈತಿ. ವರ್ಷಾ ಎರಡ ಸಲ ತಗದು ಕೆರಿತೇನಿ. ಹರಕೊಂಡದ್ದು ಪೈಪಿನಾಗ ಏರಿ ಕಾಲುವಿಗೆ ಬರ್ತೈತಿ."

ಪಂಪಿನ ಪೈಪಿನ ಬುಡದಲ್ಲಿ, ನೀರಿನೊಳಗೆ ಮುಳುಗಿರುವ ಜಾಳಿಗೆಯ ಬುಟ್ಟಿಯಂಥ ಭಾಗವೇ ಫುಟ್‌ವಾಲ್ವ್. ಸರ್ ಹೊರಸಿನಿಂದ ಎದ್ದು ನಿಂತರು. ಆದರೆ ಅದನ್ನು ಮೇಲೆತ್ತಿದರೆ ಪೈಪಿನ ನೀರೆಲ್ಲ ಇಳಿದುಹೋಗುತ್ತದೆ. ಮತ್ತೆ ನೀರು ಹಿಡಿಸಿ ಪಂಪು ಶುರುಮಾಡಲು ತಾಸು ಬೇಕು. ಆ ದಿನಗಳಲ್ಲಿ ಕರೆಂಟು ಬರುವುದೇ ಕೆಲವು ತಾಸು. ಅಂದು ಭೀಮಪ್ಪನ ಕಬ್ಬಿಗೆ ನೀರಿನ ಪಾಳಿ ನಡೆದಿತ್ತು. ಸರ್ ಹಿಂಜರಿದರು. "ಮುಂದಿನ ಐತವಾರ ಬರೂಣ," ಎಂದರು.

ಭೀಮಪ್ಪ ನನ್ನನ್ನು ನೋಡಿದರು. "ಇಷ್ಟು ಬೇಕಾಗೇತೇನ ನಿಂಗ?"

"ಹೌದ್ರಿ ಕಾಕಾ. ಒಂದು ಸುಳ್ಳ ಬರದೇನೋ ಖರೇ ಬರದೇನೋ ನೋಡಬೇಕಾಗೇತಿ."

ಅವರು ಹೋಗಿ ಮೋಟಾರು ಬಂದ್ ಮಾಡಿದರು. ಹಗ್ಗ ಕಟ್ಟಿ ಪೈಪು ಎಳೆದರು. ಸರ್ ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ. ಫುಟ್‌ವಾಲ್ವ್ ದಂಡೆಗೆ ಬಂದಾಗ ಅದರ ಜಾಳಿಗೆ ಕಾಣುತ್ತಲೇ ಇರಲಿಲ್ಲ. ಸುತ್ತಲೂ ದಟ್ಟವಾಗಿ, ಜೋಲಾಡುವ ಗಡ್ಡದಂತೆ ಅದೇ ಶೇವಾಳ. ಸರ್ ಜೇಬಿನ ಭೂತಗನ್ನಡಿ ತೆಗೆದು ಮಂಡಿಯೂರಿದರು. ಎಳೆಯೊಳಗಿನ ಕೋಶಗಳು ಒಂದರ ಮೇಲೊಂದು ಪೇರಿಸಿದ ಬಳೆಗಳಂತೆ ಇರುತ್ತವೆ. ಹಳೆಯ ಎಳೆಗಳ ಮೇಲೆ ಸಣ್ಣ ಕೋಶಗಳ ಹೊದಿಕೆ ಬಂದು ಬಿರುಸಾಗುತ್ತವೆ. ಅವರಿಗೆ ಅಷ್ಟು ನೋಡುವುದೂ ಬೇಕಿರಲಿಲ್ಲ. ಮೇಲಕ್ಕೆ ನೋಡಿ, "ನಿಮ್ಮ ಚೀಟಿ ಖರೇ ಐತ್ರಿ," ಎಂದರು.

ನಾನು ಬಾವಿಯ ಕಟ್ಟೆಯ ಮೇಲೆ ಕುಳಿತು ಅತ್ತೆ. ಭೀಮಪ್ಪ ಗಾಬರಿಯಾಗಿ ನೀರು ತಂದುಕೊಟ್ಟರು.

ಆಮೇಲೆ ಸರ್ ಕೇಳಿದ ಪ್ರಶ್ನೆಯೇ ಎಲ್ಲವನ್ನೂ ಬಿಡಿಸಿತು. "ಈ ಫುಟ್‌ವಾಲ್ವ್ ಹೊಸಾದ ತಂದಿದ್ರೇನ್ರಿ?"

"ಇಲ್ರಿ ಸರ. ನಮ್ಮ ಹೆಂಡ್ತಿ ತಮ್ಮ ಕೊಟ್ಟಾನ. ಅವಂದು ಯಡೂರಾಗ ಹೊಳಿಗೆ ಪಂಪ ಐತಿ. ದೊಡ್ಡದ ಹಾಕಸಿದಾ, ಹಳೇದ ನನಗ ಕೊಟ್ಟಾ. ಹೊಳ್ಯಾಗಿಂದ ತಗದು ಹಸೀ ಗೋಣಿಚೀಲದಾಗ ಸುತ್ತಿ, ಅವತ್ತ ತಂದು ಅವತ್ತ ಇಳಿಸಿದ್ವಿ."

ಸರ್ ನಗತೊಡಗಿದರು. ಈಜಲಾರದ, ಹಾರಲಾರದ ಶೇವಾಳ ಗೋಣಿಚೀಲದಲ್ಲಿ ಕುಳಿತು ಹೊಳೆಯಿಂದ ಬಾವಿಗೆ ಬಂದಿತ್ತು. ಬಾವಿಯ ಅಷ್ಟು ಕಡಿಮೆ ಬೆಳಕಿನಲ್ಲಿ ಅದು ಹೇಗೆ ಬದುಕಿತು ಎಂದು ನಾನು ಕೇಳಿದೆ. ಕಣ್ಣಿಗೆ ಕಾಣದ ಆ ಕೆಂಪು ದ್ರವ್ಯವೇ ಕಾರಣವಿರಬೇಕು ಎಂದರು. ಸಮುದ್ರದ ಆಳದಲ್ಲಿ ಅದರ ಬಳಗದವರು ಮಂದ ಬೆಳಕನ್ನು ಹಿಡಿಯುವುದು ಅದರಿಂದಲೇ. ಭೀಮಪ್ಪನಿಗೂ ಅದನ್ನೆಲ್ಲ ತಿಳಿಸಿ ಹೇಳಿದರು. "ಅಂದ್ರ ನಾನ ಬಿತ್ತೇನಿ ಅಂದಂಗಾತು," ಎಂದರು ಭೀಮಪ್ಪ. "ಹೌದ್ರಿ, ನೀವ ಬಿತ್ತೀರಿ," ಎಂದರು ಸರ್. ಪಂಪಿಗೆ ಮತ್ತೆ ನೀರು ಹಿಡಿಸುವಾಗ ನಾವು ಮೂವರೂ ಕೊಡದಲ್ಲಿ ನೀರು ಹೊತ್ತೆವು. ಅಂದು ಕರೆಂಟು ಹೋಗುವ ಮೊದಲು ಅವರ ಕಬ್ಬಿಗೆ ಅರ್ಧ ಪಾಳಿಯಷ್ಟೇ ನೀರು ಮುಟ್ಟಿತು. 

ಎರಡನೆಯ ಲೇಖನ ಮೊದಲಿನದಕ್ಕಿಂತ ದೊಡ್ಡದಾಯಿತು. ಹೊಳೆಗಳ ಜಾಗಗಳ ಜೊತೆ, ಪಂಪುಗಳ ಮೂಲಕ ಈ ಶೇವಾಳ ಬೇರೆ ನೀರಿಗೆ ಹೋಗುತ್ತದೆ ಎಂಬುದೂ ಸೇರಿತು. ಆಮೇಲೆ ಹುಡುಕಿದಾಗ ಇನ್ನೂ ಎರಡು ಬಾವಿಗಳಲ್ಲಿ ಹಾಗೆಯೇ ಸಿಕ್ಕಿತ್ತು. ಅಥಣಿಯಲ್ಲಿ ಹುಡುಕಿದೆವು, ಸಿಗಲಿಲ್ಲ ಎಂದೂ ಬರೆದರು. ಹನ್ನೊಂದು ಪಾಕೀಟುಗಳ ಕಥೆಯನ್ನು ಒಂದು ಟಿಪ್ಪಣಿಯಾಗಿ ಹಾಕಬೇಕೆಂದು ನಾನೇ ಹಟ ಹಿಡಿದೆ. ಲೇಖನದ ಮೇಲೆ ಸರ್ ತಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದಿದ್ದರು. ಪ್ರಾಚಾರ್ಯರು, "ಲ್ಯಾಬ್ ಅಸಿಸ್ಟಂಟ್ ಹೆಸರು ಹಾಕೂ ರೂಢಿ ಇಲ್ಲಲ್ರಿ?" ಎಂದರಂತೆ. "ಹೊಳಿಗೆ ಇಳದವರ ಹೆಸರು ಹಾಕೇನ್ರಿ," ಎಂದು ಸರ್ ಹೇಳಿ ಬಂದರು. ಕರಾವಳಿಯ ಮೇಡಂ ಲೇಖನ ಓದಿ ಕಾಗದ ಬರೆದರು. ಅದನ್ನು ಸರ್‌ಗೆ ಬರೆದಿರಲಿಲ್ಲ, ನನ್ನ ಹೆಸರಿಗೆ ಬರೆದಿದ್ದರು: ನಾನು ನಂಬಲಿಲ್ಲ, ನೀವು ಹೋಗಿ ನೋಡಿದಿರಿ, ನನಗೂ ಒಂದು ತುಂಡು ಕಳಿಸಿ. ಕಳಿಸಿದೆ.

ಸರ್ ನಿವೃತ್ತರಾಗಿ ಶೇಡಬಾಳಕ್ಕೆ ಹೋದರು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಬಹಳ ಬದಲಾಯಿತು. ಬಿಸಿಲಿಗೆ ಕನ್ನಡಿ ತಿರುಗಿಸಿ ನೋಡುವ ಸೂಕ್ಷ್ಮದರ್ಶಕದ ಬದಲು ಒಳಗೇ ದೀಪ ಇರುವಂಥದ್ದು ಬಂತು. ಮೋಡ ಕವಿದ ದಿನವೂ ಪ್ರಾಕ್ಟಿಕಲ್ ನಡೆಯತೊಡಗಿತು. ಹೊಳೆಯೂ ಬದಲಾಯಿತು. ನೀರು ನಿಂತು ಕಲ್ಲಿನ ಮೇಲೆ ಕೆಸರು ಕೂತ ಕಡೆಗಳಲ್ಲಿ ನಮ್ಮ ಶೇವಾಳ ಹಿಂದೆ ಸರಿಯಿತು. ಹೋದ ವರ್ಷ ಇದ್ದ ಕಲ್ಲಿನ ಮೇಲೆ ಈ ವರ್ಷ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯುತ್ತ ಹೋದೆ. ಹೊಸದಾಗಿ ಬಂದ ಅಧ್ಯಾಪಕರಿಗೆ ಪಾಚಿಯಲ್ಲಿ ಆಸಕ್ತಿ ಇರಲಿಲ್ಲ. ಆದರೂ ಐತವಾರ ಹೊಳೆಗೆ ಹೋಗುತ್ತೇನೆ ಎಂದರೆ ಬೇಡ ಅನ್ನಲಿಲ್ಲ. ಅದಕ್ಕೂ ನಾನು ಋಣಿ.

ಒಂದು ಚಳಿಗಾಲ ಸರ್‌ಗೆ ಕಣ್ಣು ಪೂರ್ತಿ ಹೋಯಿತು ಎಂದು ಸುದ್ದಿ ಬಂತು. ಕೃಷ್ಣೆಯ ನೀರು ತುಂಬಿದ ಬಾಟಲಿಯಲ್ಲಿ ಒಂದು ಜುಟ್ಟು ಶೇವಾಳ ಹಾಕಿಕೊಂಡು ಶೇಡಬಾಳಕ್ಕೆ ಹೋದೆ. ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಬಹಳ ಇಳಿದಿದ್ದರು. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ಹೆಂಡತಿ, ನಾವು ಅಕ್ಕಾರು ಎಂದು ಕರೆಯುತ್ತಿದ್ದವರು, ಒಳಗಿನಿಂದಲೇ ನನಗೆ ಸನ್ನೆ ಮಾಡಿದರು: ಯಾವಾಗಲೂ ಹೀಗೇ. ನಾನು ಬಾಟಲಿಯ ನೀರನ್ನೂ ಶೇವಾಳವನ್ನೂ ತಾಟಿಗೆ ಸುರಿದು ಸರ್ ಕೈಯನ್ನು ಅದರಲ್ಲಿಟ್ಟೆ. ಬೆರಳುಗಳು ನಿಧಾನವಾಗಿ ಎಳೆಯ ಬುಡದಿಂದ ತುದಿಯವರೆಗೆ ಹೋದವು.

"ಬಲತೈತಿ. ಹೊದಿಕಿ ಬಂದೈತಿ," ಎಂದರು. ತಾಟಿನಿಂದ ಕೈ ತೆಗೆಯದೆಯೇ, "ಈಗ ಯಾರ ಬರ್ತಾರ್ರಿ ನಿಮ್ಮ ಜೋಡಿ ಹೊಳಿಗೆ?"

"ಇಬ್ಬರು ಬಿ.ಎಸ್ಸಿ. ಹುಡುಗ್ಯಾರು ಬರ್ತಾರ್ರಿ. ಒಬ್ಬಾಕಿ ನಿಪ್ಪಾಣಿಯಾಕಿ, ಒಬ್ಬಾಕಿ ಕಾಗವಾಡದಾಕಿ."

"ಚೀಟಿ ಹೆಂಗ ಬರೀತಾರು?"

"ಗಡಬಡಿ ಮಾಡ್ತಾರ್ರಿ."

"ಕರಕೊಂಡ ಬರ್ರಿ ಅವರನ್ನ," ಎಂದರು.

ಮುಂದಿನ ಐತವಾರ ಕರೆದೊಯ್ದೆ. ಹುಡುಗಿಯರು ಹೆದರಿ ಬಾಗಿಲಲ್ಲೇ ನಿಂತಿದ್ದರು. ಸರ್ ಇಬ್ಬರನ್ನೂ ಎದುರಿಗೆ ಕೂಡಿಸಿ, ಕಣ್ಣು ಮುಚ್ಚಲು ಹೇಳಿ, ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಬೆರಳಿನಿಂದಲೇ ಗುರುತಿಸಲು ಕಲಿಸಿದರು. ತಪ್ಪಿದಾಗ ಬೈದರು. ಊಹೆ ಮಾಡಿ ಹೇಳಿದಾಗ ಇನ್ನೂ ಜೋರಾಗಿ ಬೈದರು. ನಿಪ್ಪಾಣಿಯ ಹುಡುಗಿ ಧೈರ್ಯ ಮಾಡಿ, "ಗೊತ್ತಾಗವಲ್ದ್ರಿ ಸರ್," ಎಂದಾಗ, "ಶಾಬಾಸ್! ಹಂಗ ಹೇಳ್ಬೇಕು," ಎಂದು ತೊಡೆ ತಟ್ಟಿಕೊಂಡು ನಕ್ಕರು. ಮೂರು ತಾಸು ಹೋದದ್ದೇ ತಿಳಿಯಲಿಲ್ಲ.

ಬಸ್ಸಿಗೆ ಹೊರಟಾಗ ಅಕ್ಕಾರು ಅಂಗಳ ದಾಟಿ ನಮ್ಮ ಹಿಂದೆಯೇ ಬಂದರು. ನನ್ನ ಕೈ ಹಿಡಿದುಕೊಂಡರು.

"ಸುಮನಾ, ಎಷ್ಟ ತಿಂಗಳಾಗಿತ್ತ ಅವರು ಇಷ್ಟು ದನಿ ಏರಿಸಿ ಮಾತಾಡಿ. ಮುಂದಿನ ವಾರಾನೂ ಬರ್ರೆವಾ. ಬೈಸಿಕೊಳ್ಳಾಕರ ಬರ್ರಿ."

ನಾವು ಹೋದೆವು. ಸರ್ ಇರುವವರೆಗೂ ಹೋಗುತ್ತಲೇ ಇದ್ದೆವು.